ಏಳುವುದೋ, ಕೂರುವುದೋ

"ನೀವು ಏಳ್ತೀರೋ, ಕೂತೇ ಇರ್ತೀರೋ? ಅಷ್ಟು ಹೇಳಿ ಸಾಕು, ನಾನು ಹೊರಡ್ತೀನಿ," ಎಂದರು ಮೇಯರ್.

ಟೈಲರಮ್ಮನ ಕತ್ತರಿ ಬಟ್ಟೆಯ ನಡುವೆ ನಿಂತಿತು. ಶಾಲೆಯ ಮಕ್ಕಳ ನೀಲಿ ಸಮವಸ್ತ್ರದ ಬಟ್ಟೆ. ಪದರದ ಮೇಲೆ ಪದರ ಹಾಸಿ, ಸೀಮೆಸುಣ್ಣದ ಗೆರೆ ಎಳೆದು, ಒಂದೇ ಬೀಸಿಗೆ ಕತ್ತರಿಸಿಕೊಂಡು ಹೋಗಬೇಕು. ಅರ್ಧಕ್ಕೆ ನಿಲ್ಲಿಸಿದರೆ ಅಂಚು ಹಲ್ಲುಹಲ್ಲಾಗುತ್ತದೆ ಎಂದು ಗೊತ್ತಿದ್ದೂ ನಿಲ್ಲಿಸಿದಳು.

ಮೇಯರ್ ಗಿರಾಕಿಗಳ ಮರದ ಸ್ಟೂಲಿನ ಮೇಲೆ, ಹಿಂದಿದ್ದ ಇಸ್ತ್ರಿ ಬಟ್ಟೆಗಳ ರಾಶಿಗೆ ಬೆನ್ನು ತಾಗದ ಹಾಗೆ ಮುಂದಕ್ಕೆ ಬಾಗಿ ಕೂತಿದ್ದರು. ಪಾಲಿಕೆಯ ಮೊಗಸಾಲೆಯಲ್ಲಿ ಎದುರಾದರೆ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದ ಮನುಷ್ಯ ಇವತ್ತು ಕಾರನ್ನು ತಿರುವಿನಲ್ಲೇ ಬಿಟ್ಟು, ಒಬ್ಬರೇ ನಡೆದುಕೊಂಡು ಬಂದಿದ್ದರು.

"ನಾಡಿದ್ದು ಸಭೆ," ಎಂದರು. "ರಾಜ್ಯದವರ ಮಸೂದೆಯನ್ನ ನಮ್ಮ ಪಾಲಿಕೆ ವಿರೋಧಿಸುತ್ತೆ ಅಂತ ನಿರ್ಣಯ ಓದ್ತೀನಿ. ಒಪ್ಪೋರು ಏಳಬೇಕು. ನಮ್ಮ ಕಡೆ ಎಷ್ಟು ಜನವೋ ಅವರ ಕಡೆಯೂ ಅಷ್ಟೇ ಜನ. ಯಾವ ಕಡೆಯೂ ಅಲ್ಲದವರು ಅಂದ್ರೆ ನೀವೊಬ್ಬರು."

"ನಾನು ಬರದೇ ಇದ್ರೆ?"

"ಸಮಸಮ ಆಗುತ್ತೆ. ಸಮಸಮ ಆದ್ರೆ ನಿರ್ಣಯ ಬಿದ್ದುಹೋಗುತ್ತೆ. ಬರದಿದ್ರೂ ನೀವು ಅವರ ಕಡೆಯೇ ಆದ್ರಿ ಅಂತ ಲೆಕ್ಕ." ಮೇಯರ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ನಿಮಗೆ ನಾನು ಹೇಳಬೇಕಾ? ಆ ಬೋರ್ಡು ನಿಮ್ಮದು. ನಿಮ್ಮ ಹೆಸರಲ್ಲೇ ಕರೀತಾರೆ ಜನ."

ಅದು ನಿಜ. ಅಂಗಡಿಯಿದ್ದ ರಸ್ತೆಯ ಎರಡು ತುದಿಗೂ ನಿಂತಿದ್ದ, ಹಗಲು ಹೊತ್ತಿನಲ್ಲಿ ಲಾರಿಗಳಿಗೆ ಪ್ರವೇಶವಿಲ್ಲ ಎನ್ನುವ ಕೆಂಪು ಬೋರ್ಡಿಗೆ ಟೈಲರಮ್ಮನ ಬೋರ್ಡು ಎಂದೇ ಹೆಸರು. ಮೊದಲು ಊರಿನ ಆಚೆಗಿನ ಇಟ್ಟಿಗೆ ಗೂಡುಗಳಿಂದ ಹೊರಟ ಲಾರಿಗಳೆಲ್ಲ ಈ ಇಕ್ಕಟ್ಟಿನ ರಸ್ತೆಯಲ್ಲೇ ಬಂದು, ಶಾಲೆಯ ಗೇಟಿನ ಮುಂದೆ ತಿರುಗಿ ಹೆದ್ದಾರಿ ಸೇರುತ್ತಿದ್ದವು. ಒಂದು ಬೆಳಿಗ್ಗೆ ಅಂಥ ಲಾರಿಯೊಂದು ಹಿಂದಕ್ಕೆ ಬರುವಾಗ, ಕಸ ಗುಡಿಸುತ್ತಿದ್ದ ಅವಳ ಅಕ್ಕನ ಎಡಗಾಲನ್ನು ಗೋಡೆಗೆ ಒತ್ತಿಬಿಟ್ಟಿತು. ಅಕ್ಕ ಆಸ್ಪತ್ರೆ ಸೇರಿದಳು. ಟೈಲರಮ್ಮ ಮಾರನೆಯ ಬೆಳಿಗ್ಗೆ ಹೊಲಿಗೆ ಮಿಷನ್ನನ್ನು ಅಂಗಡಿಯಿಂದ ದರದರ ಎಳೆದು ತಂದು, ರಸ್ತೆಯ ನಟ್ಟನಡುವೆ ಇಟ್ಟು, ಕುರ್ಚಿ ಹಾಕಿಕೊಂಡು ಹೊಲಿಯತೊಡಗಿದಳು. ಲಾರಿಗಳು ಹಾರನ್ ಹೊಡೆದವು. ಅವಳು ತಲೆ ಎತ್ತಲಿಲ್ಲ. ಮರುದಿನ ಮಕ್ಕಳನ್ನು ಬಿಡಲು ಬಂದ ತಾಯಂದಿರೂ ಪಕ್ಕದಲ್ಲಿ ನಿಂತರು. ಕೊನೆಗೆ ಪಾಲಿಕೆಯವರು ಬಂದು ಅವಳ ಮಿಷನ್ನಿನ ಮುಂದೆಯೇ ನಿಂತು ಮಾತಾಡಿದರು, ನಿಯಮ ಮಾಡಿದರು, ಬೋರ್ಡು ನೆಟ್ಟರು. ಮುಂದಿನ ಚುನಾವಣೆಯಲ್ಲಿ ಜನ ಅವಳನ್ನೇ ನಿಲ್ಲಿಸಿ ಗೆಲ್ಲಿಸಿದರು. ಗೆದ್ದ ಮೇಲೆ ಸಭೆಯಲ್ಲಿ ಅವಳು ಬಾಯಿಬಿಟ್ಟಿದ್ದು ಒಂದೇ ಸಲ, ಅದೂ ಫ್ಯಾನು ಜೋರು ಮಾಡಿ ಎನ್ನಲು.

ಈಗ ರಾಜ್ಯ ಸರ್ಕಾರ ಹೊಸ ಮಸೂದೆ ತಂದಿತ್ತು. ಯಾವ ರಸ್ತೆಯಲ್ಲಿ ಯಾವ ವಾಹನ ಓಡಬೇಕು ಎಂದು ಹೇಳುವ ಅಧಿಕಾರ ಇನ್ನು ಮುಂದೆ ಪಾಲಿಕೆಗಳಿಗೆ ಇರುವುದಿಲ್ಲ, ಎಲ್ಲವೂ ರಾಜಧಾನಿಯಿಂದಲೇ ತೀರ್ಮಾನವಾಗುತ್ತದೆ. ಊರೂರಿಗೆ ಒಂದೊಂದು ನಿಯಮ ಇದ್ದರೆ ವ್ಯಾಪಾರ ನಡೆಯುವುದು ಹೇಗೆ ಎನ್ನುವುದು ಅವರ ವಾದ. ಅಷ್ಟೇ ಆಗಿದ್ದರೆ ಟೈಲರಮ್ಮ ಯೋಚಿಸಬೇಕಾಗಿರಲಿಲ್ಲ, ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ಆದರೆ ಅದೇ ಮಸೂದೆಯ ಇನ್ನೊಂದು ಕಡೆ, ಪಾಲಿಕೆಗಳ ಗುತ್ತಿಗೆ ಪೌರಕಾರ್ಮಿಕರನ್ನೆಲ್ಲ ಕಾಯಂ ಮಾಡುವ ಮಾತೂ ಇತ್ತು. ಅಕ್ಕ ಆ ಗುತ್ತಿಗೆಯವರಲ್ಲಿ ಒಬ್ಬಳು.

"ಯೋಚನೆ ಮಾಡಿ ಹೇಳ್ತೀನಿ," ಎಂದಳು.

"ಮಾಡಿ, ಮಾಡಿ," ಎಂದು ಮೇಯರ್ ಎದ್ದರು. ಅವರ ಕೋಟಿನ ಹಿಂಭಾಗಕ್ಕೆ ದಾರದ ಎಳೆಗಳು ಅಂಟಿಕೊಂಡಿದ್ದವು. ಹೇಳಬೇಕೆನಿಸಿದರೂ ಹೇಳಲಿಲ್ಲ.

ಆ ಮಧ್ಯಾಹ್ನವೇ ಅಂಗಡಿಗೆ ಬೀಗ ಹಾಕಿ ಅವಳು ಪಾಲಿಕೆಯ ವಕೀಲರ ಕೋಣೆಗೆ ಹೋದಳು. ವಕೀಲರು ಒಳ್ಳೆಯವರು, ಆದರೆ ಯಾವ ಪ್ರಶ್ನೆಗೂ ಒಂದೇ ಉತ್ತರ ಕೊಟ್ಟು ಅಭ್ಯಾಸವಿಲ್ಲದವರು. ಮಸೂದೆಯ ಪ್ರತಿಯನ್ನು ಅವಳ ಕಡೆ ತಿರುಗಿಸಿ ಒಂದು ಸಾಲಿನ ಕೆಳಗೆ ಬೆರಳಿಟ್ಟರು.

"ಇಲ್ಲಿ ನೋಡಿ. ಕಾಯಂ ಮಾಡಬಹುದು ಅಂತಿದೆ. ಮಾಡತಕ್ಕದ್ದು ಅಂತಿಲ್ಲ."

"ಅಂದ್ರೆ ಮಾಡಲ್ವಾ?"

"ಹಾಗಂತ ಹೇಳೋಕಾಗಲ್ಲ. ಮಾಡಬಹುದು."

"ಮಾಡದೇನೂ ಇರಬಹುದಾ?"

"ಇರಬಹುದು." ಇನ್ನೊಂದು ಪುಟ ತಿರುವಿದರು. "ಹಾಗೇನೇ ಲಾರಿ ವಿಷಯವೂ. ಈಗಿರೋ ಸ್ಥಳೀಯ ನಿಯಮಗಳು ಮುಂದಿನ ಆದೇಶದವರೆಗೆ ಉಳೀತವೆ ಅಂತ ಬರೆದಿದ್ದಾರೆ. ಆದೇಶ ನಾಳೆಯೇ ಬರಬಹುದು, ಹತ್ತು ವರ್ಷ ಬರದೇನೂ ಇರಬಹುದು."

"ಹಾಗಾದ್ರೆ ನಾವು ವಿರೋಧ ಮಾಡಿದ್ರೆ ಅವರು ಬಿಡ್ತಾರಾ?"

ವಕೀಲರು ಕನ್ನಡಕ ತೆಗೆದರು. "ಅಭಿಪ್ರಾಯ ಕೇಳಿದ್ದಾರೆ ಅಮ್ಮ. ಅಪ್ಪಣೆ ಕೇಳಿಲ್ಲ."

ಕೋಣೆಯಿಂದ ಹೊರಗೆ ಬರುವಾಗ ಅವಳಿಗೆ ತಲೆಯೊಳಗೆ ಹುಳ ಬಿಟ್ಟ ಹಾಗಾಗಿತ್ತು. ಒಳಗೆ ಹೋಗುವಾಗ ಎರಡು ವಿಷಯ ಗೊತ್ತಿದ್ದವು, ಮಸೂದೆ ಬಂದರೆ ಬೋರ್ಡು ಹೋಗುತ್ತದೆ, ಅಕ್ಕ ಕಾಯಂ ಆಗುತ್ತಾಳೆ ಎಂದು. ಈಗ ಆ ಎರಡೂ ಗೊತ್ತಿರಲಿಲ್ಲ. ಮೆಟ್ಟಿಲ ಹತ್ತಿರ ಇಟ್ಟಿಗೆ ಗೂಡಿನ ಮಾಲೀಕರು ಎದುರಾದರು. ಅವರೂ ಪಾಲಿಕೆಯ ಸದಸ್ಯರೇ, ಮೇಯರ್ ವಿರುದ್ಧದ ಗುಂಪಿನ ಮುಖಂಡರು. ಬೋರ್ಡು ಬಂದಾಗಿನಿಂದ ತಮ್ಮ ಲಾರಿಗಳನ್ನು ಊರು ಸುತ್ತಿಸಿ ಕಳಿಸುತ್ತಿದ್ದವರು.

"ಏನು ತಂಗಿ, ಅಕ್ಕನಿಗೆ ಒಳ್ಳೆ ಕಾಲ ಬಂತಲ್ಲ," ಎಂದರು ನಗುತ್ತ. "ನೀವು ಕಷ್ಟಪಡೋದೇನೂ ಬೇಡ. ಸುಮ್ಮನೆ ಕೂತಿದ್ರೆ ಆಯ್ತು."

ಮನೆಯಲ್ಲಿ ಗಂಡನ ಹತ್ತಿರ ಹೇಳಿಕೊಂಡಳು. ಅವನು ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ನಡೆಸುವವನು. ಶೂ ಬಿಚ್ಚುತ್ತ ಎಲ್ಲ ಕೇಳಿಸಿಕೊಂಡ.

"ನನ್ನ ಕೇಳ್ತೀಯಲ್ಲ ಮಾರಾಯ್ತಿ," ಎಂದ. "ನಂಗೆ ಗೊತ್ತಿರೋದು ಮೇಲೆ, ಕೆಳಗೆ, ಎರಡೇ. ಮಧ್ಯ ನಿಂತ್ರೆ ಒಳಗಿರೋರೆಲ್ಲ ನನ್ನ ಮೇಲೇ ಬೀಳ್ತಾರೆ." ಆಮೇಲೆ ಅವಳ ಮುಖ ನೋಡಿ ಗಂಭೀರನಾದ. "ನಿಮ್ಮಕ್ಕನ್ನ ಕೇಳಿದ್ಯಾ?"

ಕೇಳಿರಲಿಲ್ಲ. ಅಕ್ಕನನ್ನು ಕೇಳಬೇಕು ಎಂದು ಅವಳಿಗೆ ಹೊಳೆದೂ ಇರಲಿಲ್ಲ. ತಾಯಿ ಸತ್ತಾಗ ಟೈಲರಮ್ಮ ಇನ್ನೂ ಜಡೆ ಹಾಕಿಕೊಳ್ಳಲು ಬಾರದ ಹುಡುಗಿ. ಅಕ್ಕನೇ ಅವಳಿಗೆ ಅನ್ನ ಹಾಕಿದವಳು, ಹೊಲಿಗೆ ಕಲಿಯಲು ಕಳಿಸಿದವಳು, ಮದುವೆ ಮಾಡಿದವಳು. ಅಕ್ಕನ ಮನಸ್ಸು ತನಗೆ ಗೊತ್ತು ಎಂದೇ ಇಷ್ಟು ದಿನ ಬದುಕಿದ್ದಳು.

ಮರುದಿನ ಬೆಳಿಗ್ಗೆ ಕೆಲಸ ಮುಗಿಯುವ ಹೊತ್ತಿಗೆ ಹುಡುಕಿಕೊಂಡು ಹೋದಳು. ಅಕ್ಕ ಇನ್ನೂ ಬಾಗಿಲು ತೆಗೆಯದ ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಎಡಗಾಲನ್ನು ಮುಂದೆ ಚಾಚಿಕೊಂಡು ಮೀನಖಂಡ ನೀವಿಕೊಳ್ಳುತ್ತಿದ್ದಳು. ಪೊರಕೆ ಗೋಡೆಗೆ ಒರಗಿತ್ತು. ಗುಡಿಸಿದ ರಸ್ತೆಯ ಮೇಲೆ ಪೊರಕೆಯ ಗೆರೆಗಳು ಇನ್ನೂ ಅಳಿಸಿರಲಿಲ್ಲ.

"ಬಾ ಕೂತ್ಕೋ. ಏನು ಇಷ್ಟು ಬೆಳಿಗ್ಗೆ?"

"ನಾಳೆ ಸಭೆ ಅಕ್ಕಾ."

"ಗೊತ್ತು. ಮೇಸ್ತ್ರಿ ಹೇಳ್ತಿದ್ದ. ಇಡೀ ಊರು ಅದನ್ನೇ ಮಾತಾಡ್ತಿದೆ."

ಟೈಲರಮ್ಮ ಪಕ್ಕದಲ್ಲಿ ಕೂತಳು. ವಕೀಲರು ಹೇಳಿದ ಬಹುದುಗಳನ್ನೆಲ್ಲ ಹೇಳಿದಳು. ಅಕ್ಕ ಕಾಲು ನೀವುವುದನ್ನು ನಿಲ್ಲಿಸಲಿಲ್ಲ.

"ನಿಂಗೇನು ಬೇಕಕ್ಕಾ? ಅದನ್ನ ಹೇಳು."

"ಕಾಯಂ ಆಗಬೇಕು."

ಅಷ್ಟು ಬೇಗ ಉತ್ತರ ಬರುತ್ತದೆಂದು ಟೈಲರಮ್ಮ ಎಣಿಸಿರಲಿಲ್ಲ. "ಲಾರಿ ಮತ್ತೆ ಬರ್ತವೆ," ಎಂದಳು.

"ಬರ್ಲಿ."

"ನಿನ್ನ ಕಾಲು..."

"ನನ್ನ ಕಾಲು ಏನು? ನನ್ನ ಕಾಲಿಗೋಸ್ಕರ ನೀನು ಬೋರ್ಡು ಹಾಕಿಸ್ದೆ ಅಂತ ಊರೆಲ್ಲ ಹೇಳುತ್ತೆ. ಕಾಲು ವಾಪಸ್ ಬಂತಾ?" ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ತರಕಾರಿ ಕೊಳ್ಳುವಾಗ ಮಾತಾಡುವ ಹಾಗೆ ಮಾತಾಡುತ್ತಿದ್ದಳು. "ಕೇಳು ಪುಟ್ಟಿ. ಆಸ್ಪತ್ರೆಯಲ್ಲಿ ನಾನು ಅತ್ತಿದ್ದು ನೋಡಿದ್ಯಲ್ಲ. ಕಾಲಿಗೆ ಅಲ್ಲ ಅತ್ತಿದ್ದು. ನಾನು ಮಲಗಿದ್ದಾಗ ಮೇಸ್ತ್ರಿ ನನ್ನ ಜಾಗಕ್ಕೆ ಇನ್ನೊಬ್ಬಳನ್ನ ಹಾಕ್ದ, ಅದಕ್ಕೆ ಅತ್ತಿದ್ದು. ನೀನು ಮೇಲಿನವರಿಗೆ ಹೇಳಿ ವಾಪಸ್ ಸೇರಿಸ್ದೆ. ನೀನು ಮೆಂಬರ್ ಆಗಿರೋವರೆಗೆ ಸರಿ. ಆಮೇಲೆ?"

ಅಕ್ಕ ಚಾಚಿದ್ದ ಕಾಲನ್ನು ಮೆಲ್ಲಗೆ ಮಡಚಿಕೊಂಡಳು.

"ಲಾರಿ ಬಂದ್ರೆ ಪಕ್ಕಕ್ಕೆ ಸರೀತೀನಿ. ಒಂದು ಸಲ ಸರಿಯೋಕೆ ಆಗಲಿಲ್ಲ, ಇನ್ನು ಹುಷಾರಾಗಿರ್ತೀನಿ. ಮೇಸ್ತ್ರಿ ಬಂದ್ರೆ ಎಲ್ಲಿಗೆ ಸರೀಲಿ?"

"ಶಾಲೆ ಮಕ್ಕಳು ಓಡಾಡ್ತಾರಲ್ಲ ಅಕ್ಕಾ."

"ಓಡಾಡ್ತಾರೆ. ನಾನೇನು ಕುರುಡಿಯಾ, ದಿನಾ ನೋಡಲ್ವಾ?" ಅಕ್ಕ ಗೋಡೆ ಹಿಡಿದು ಎದ್ದು ನಿಂತಳು. ಎದ್ದ ಮೇಲೆ ಕ್ಷಣಹೊತ್ತು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವುದು ಅವಳಿಗೆ ರೂಢಿ. "ಸರಿ ಯಾವುದು ಅಂತ ನೀನು ಕೇಳಲಿಲ್ಲ. ನಂಗೇನು ಬೇಕು ಅಂತ ಕೇಳಿದೆ. ಹೇಳಿದೆ. ಸರಿ ಯಾವುದು ಅಂತ ನಂಗೂ ಗೊತ್ತಿಲ್ಲ. ಆದರೆ ಒಂದು ಮಾತು. ಎದ್ರೆ, ನನ್ನ ಕಾಲಿಗೋಸ್ಕರ ಎದ್ದೆ ಅಂತ ಮಾತ್ರ ಹೇಳಬೇಡ."

ಪೊರಕೆ ಹೆಗಲ ಮೇಲಿಟ್ಟುಕೊಂಡು ಅಕ್ಕ ಹೊರಟಳು. ಟೈಲರಮ್ಮ ಆ ಮೆಟ್ಟಿಲ ಮೇಲೇ ಕೂತಿದ್ದಳು. ಅಂಗಡಿಯವನು ಬಂದು, ಶಟರ್ ಎತ್ತಬೇಕು, ಸ್ವಲ್ಪ ಏಳಿ ಎಂದ ಮೇಲೆ ಎದ್ದಳು.

ಅಂದು ಅವಳ ಕೈಯಿಂದ ಒಂದು ಕೆಲಸವೂ ನೆಟ್ಟಗೆ ಬರಲಿಲ್ಲ. ತೋಳನ್ನು ತಿರುವುಮುರುವಾಗಿ ಕೂರಿಸಿ ಬಿಚ್ಚಿದಳು. ಬಂದ ಗಿರಾಕಿಗಳೆಲ್ಲ ಅಳತೆ ಕೊಡುತ್ತಲೇ ಬುದ್ಧಿ ಹೇಳಿದರು. ನಮ್ಮ ಊರಿನ ವಿಷಯಕ್ಕೆ ಅವರು ಯಾರು ಮೂಗು ತೂರಿಸೋಕೆ ಎಂದರು ಒಬ್ಬರು. ನಮ್ಮ ಪಾಲಿಕೆಯವರಿಗೆ ಚರಂಡಿ ಮುಚ್ಚಲೂ ಬರಲ್ಲ, ಅಧಿಕಾರ ಬೇರೆ ಕೇಡು ಎಂದರು ಇನ್ನೊಬ್ಬರು. ಇಬ್ಬರೂ ಕೈ ಮೇಲೆತ್ತಿ ನಿಂತಿದ್ದಾಗ ಅವಳು ಟೇಪು ಸುತ್ತುತ್ತ ಹೌದು ಹೌದು ಎಂದಳು. ಹಾಗೆ ಅಂದದ್ದು ಸುಳ್ಳೂ ಆಗಿರಲಿಲ್ಲ. ಇಬ್ಬರು ಹೇಳಿದ್ದೂ ಹೌದೇ ಅನಿಸುತ್ತಿತ್ತು. ಮುಖ್ಯೋಪಾಧ್ಯಾಯಿನಿ ಬಂದು, ನೀವಿದ್ದೀರಲ್ಲ ನಮಗೆ ಚಿಂತೆಯಿಲ್ಲ ಎಂದು ಕೈ ಹಿಡಿದು ಹೋದರು. ಎಲ್ಲಕ್ಕಿಂತ ಕಷ್ಟವಾದದ್ದು ಅದು.

ಸಭೆಯ ದಿನ ಮೇಲಿನ ಗ್ಯಾಲರಿ ತುಂಬಿತ್ತು. ಒಂದು ಕಡೆ ಮಕ್ಕಳ ತಾಯಂದಿರು, ಇನ್ನೊಂದು ಕಡೆ ಕಸ ಗುಡಿಸುವ ಹೆಂಗಸರು. ಅಕ್ಕ ಬಂದಿದ್ದಾಳೋ ಇಲ್ಲವೋ ಎಂದು ತಲೆ ಎತ್ತಿ ನೋಡುವ ಧೈರ್ಯ ಟೈಲರಮ್ಮನಿಗೆ ಆಗಲಿಲ್ಲ.

ಮೇಯರ್ ನಿರ್ಣಯ ಓದಿದರು. ಓದಿ ಮುಗಿಸುವುದರೊಳಗೆ ಗೂಡಿನ ಮಾಲೀಕರು ಎದ್ದು, ತಮ್ಮದೊಂದು ತಿದ್ದುಪಡಿ ಇದೆ ಎಂದರು. ನಿರ್ಣಯದಲ್ಲಿ ವಿರೋಧಿಸುತ್ತದೆ ಎಂದಿರುವ ಕಡೆ ಸ್ವಾಗತಿಸುತ್ತದೆ ಎಂದು ಬದಲಾಯಿಸಬೇಕು. ಮೊದಲು ತಿದ್ದುಪಡಿಯನ್ನೇ ಮತಕ್ಕೆ ಹಾಕಬೇಕೆಂದು ನಿಯಮವಿತ್ತು.

"ತಿದ್ದುಪಡಿಗೆ ಒಪ್ಪಿಗೆ ಇರುವವರು ಎದ್ದು ನಿಲ್ಲಿ," ಎಂದರು ಮೇಯರ್.

ಇಲ್ಲಿಂದ ಗೊಂದಲ ಶುರುವಾಯಿತು. ಏಳಬೇಕು ಎಂದು ಮನೆಯಿಂದಲೇ ಗಟ್ಟಿ ಮಾಡಿಕೊಂಡು ಬಂದಿದ್ದ ಮೇಯರ್ ಕಡೆಯವರಲ್ಲಿ ಕೆಲವರು ದಡಬಡ ಎದ್ದುಬಿಟ್ಟರು. ಕೂರಬೇಕು ಎಂದು ಬಂದಿದ್ದ ಇನ್ನೊಂದು ಕಡೆಯವರು ಕೂತೇ ಇದ್ದರು. ಇದು ಅದಲ್ಲ, ಕೂತ್ಕೊಳ್ಳಿ ಎಂದು ಇವರು, ನೀವು ಏಳ್ರಪ್ಪ ಎಂದು ಅವರು. ಕಿವಿ ಮಂದವಾದ ಹಿರಿಯ ಸದಸ್ಯರೊಬ್ಬರು, ನಾನು ಆಗಲೇ ಎದ್ದು ಕೂತಾಯ್ತು, ಮತ್ತೆ ಎಷ್ಟು ಸಲ ಏಳಲಿ ಎಂದು ಮುಖ ಗಂಟು ಹಾಕಿಕೊಂಡರು. ಗುಮಾಸ್ತ ಎರಡು ಸಲ ಎಣಿಸಿ, ಎರಡು ಸಲವೂ ಬೇರೆ ಬೇರೆ ಸಂಖ್ಯೆ ಹೇಳಿ, ಮೂರನೆಯ ಸಲ ಬೆರಳು ಮಾಡಿ ಎಣಿಸಿದ. ತಿದ್ದುಪಡಿ ಒಂದು ಮತದಿಂದ ಬಿದ್ದುಹೋಯಿತು.

ಟೈಲರಮ್ಮ ಕೂತೇ ಇದ್ದಳು. ಏನೂ ತೀರ್ಮಾನ ಮಾಡದೆ ಕೂತಿದ್ದಳು. ಮೇಯರ್ ಅವಳ ಕಡೆ ನೋಡಿ ಮುಗುಳ್ನಕ್ಕಾಗಲೇ ಅವಳಿಗೆ ಗೊತ್ತಾದದ್ದು, ತಾನು ಕೂತಿದ್ದಕ್ಕೂ ಒಂದು ಅರ್ಥ ಬಂದುಬಿಟ್ಟಿದೆ ಎಂದು. ಈಗ ನಿಜವಾದ ನಿರ್ಣಯ ಬರುತ್ತದೆ. ಅದಕ್ಕೆ ಮುಂಚೆ ಅವಳು ಕೈ ಎತ್ತಿದಳು.

"ಫ್ಯಾನು ಜೋರು ಮಾಡ್ಬೇಕಾ?" ಎಂದು ಗುಮಾಸ್ತ ಕೇಳಿದ. ಯಾರೋ ನಕ್ಕರು.

"ಒಂದು ಮಾತು ಕೇಳ್ಬೇಕಿತ್ತು," ಎಂದಳು. "ಅರ್ಧ ಬೇಕು, ಅರ್ಧ ಬೇಡ ಅಂತ ಬರೆಯೋಕೆ ಆಗಲ್ವಾ? ಕೆಲಸದವರನ್ನ ಕಾಯಂ ಮಾಡಿ, ನಮ್ಮ ರಸ್ತೆ ನಮಗೆ ಬಿಡಿ ಅಂತ."

ಮೇಯರ್ ವಕೀಲರ ಕಡೆ ನೋಡಿದರು, ವಕೀಲರು ಕಾಗದದ ಕಡೆ ನೋಡಿದರು.

"ಒಪ್ಪಿಗೆ ಇದೆಯೇ, ಇಲ್ಲವೇ ಅಂತಷ್ಟೇ ಕೇಳಿದ್ದಾರಮ್ಮ," ಎಂದರು ಮೇಯರ್, ಮೆತ್ತಗೆ. "ಅರ್ಧಕ್ಕೆ ಜಾಗ ಕೊಟ್ಟಿಲ್ಲ."

ಆಮೇಲೆ ನಿರ್ಣಯ ಮತಕ್ಕೆ ಬಂತು. ಒಂದು ಕಡೆಯವರು ಎದ್ದರು, ಈ ಸಲ ಸರಿಯಾಗಿಯೇ ಎದ್ದರು. ಗುಮಾಸ್ತ ಸಾಲು ಹಿಡಿದು ಎಣಿಸುತ್ತ ಬಂದ. ಅಕ್ಕ ಕೇಳಿದ್ದು ಹೆಚ್ಚೇನಲ್ಲ ಎಂದು ಟೈಲರಮ್ಮ ಯೋಚಿಸುತ್ತಿದ್ದಳು. ಇಷ್ಟು ವರ್ಷ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಅದೇ ಹೊತ್ತಿಗೆ ಮುಖ್ಯೋಪಾಧ್ಯಾಯಿನಿಯ ಬಿಸಿ ಅಂಗೈ ನೆನಪಾಯಿತು. ಬೋರ್ಡಿಗೆ ತನ್ನ ಹೆಸರಿರುವುದು ತನಗೆ ಇಷ್ಟವೆಂಬುದೂ ನೆನಪಾಗಿ ನಾಚಿಕೆಯಾಯಿತು. ಏಳುವುದು ಮಕ್ಕಳಿಗೋಸ್ಕರವೋ, ಆ ಹೆಸರಿಗೋಸ್ಕರವೋ? ಹಾಗೆ ನಾಚಿಕೆಪಟ್ಟು ಕೂತರೆ, ಅದು ಮಾತ್ರ ಅಕ್ಕನಿಗೋಸ್ಕರ ಹೇಗಾಗುತ್ತದೆ? ಗುಮಾಸ್ತ ಅವಳನ್ನು ದಾಟಿ ಮುಂದೆ ಹೋದ ಮೇಲೆ ಅವಳು ಎದ್ದು ನಿಂತಳು.

ಕುರ್ಚಿ ಸರಿದ ಸದ್ದಿಗೆ ಅವನು ತಿರುಗಿದ. "ಎದ್ದಿದ್ದೀರಾ ಅಮ್ಮ, ಇಲ್ಲ ಹೊರಗೆ ಹೋಗ್ತಿದ್ದೀರಾ?"

"ಎದ್ದಿದ್ದೀನಿ," ಎಂದಳು.

ಗ್ಯಾಲರಿಯ ಒಂದು ಕಡೆಯಿಂದ ಚಪ್ಪಾಳೆ ಬಂತು. ಇನ್ನೊಂದು ಕಡೆಯಿಂದ ಹೆಂಗಸರು ಎದ್ದುಹೋಗುವ ಚಪ್ಪಲಿಗಳ ಸದ್ದು.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದಳು. ಅಕ್ಕ ಬಚ್ಚಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ತಿರುಗಿ ನೋಡದೆ, "ಗೊತ್ತಾಯ್ತು," ಎಂದಳು. ಅಕ್ಕ ಕೈ ತೊಳೆದು, ತಟ್ಟೆ ಇಟ್ಟು, ಅನ್ನ ಬಡಿಸಿದಳು. ಎದುರಿಗೆ ಕೂತು ಅವಳು ಉಣ್ಣುವುದನ್ನು ನೋಡಿದಳು, ಇನ್ನಷ್ಟು ಬಡಿಸಿದಳು. ಮಾತು ಮಾತ್ರ ಆಡಲಿಲ್ಲ. ಆಮೇಲೆ ರಸ್ತೆಯಲ್ಲಿ ಎದುರಾದರೂ ಆಡಲಿಲ್ಲ.

ಆದರೂ ರಾಜಧಾನಿಯಲ್ಲಿ ಮಸೂದೆ ಪಾಸಾಯಿತು. ಅನೇಕ ಊರುಗಳ ಪಾಲಿಕೆಗಳು ವಿರೋಧಿಸಿದ್ದವಂತೆ, ಕೆಲವು ಸ್ವಾಗತಿಸಿದ್ದವಂತೆ. ನಿಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ ಎಂದು ಎಲ್ಲರಿಗೂ ಒಂದೇ ಉತ್ತರ ಬಂತು. ಮುಂದಿನ ಆದೇಶಕ್ಕೆ ಹತ್ತು ವರ್ಷವೇನೂ ಹಿಡಿಯಲಿಲ್ಲ. ಒಂದು ಮಧ್ಯಾಹ್ನ ರಾಜ್ಯದ ರಸ್ತೆ ಇಲಾಖೆಯ ಇಬ್ಬರು ಕೆಲಸಗಾರರು ಬಂದು ಬೋರ್ಡಿನ ಕೆಳಗೆ ನಿಂತು ಮೇಲೆ ನೋಡಿದರು. ಆಮೇಲೆ ಅಂಗಡಿಗೆ ಬಂದರು.

"ಅಮ್ಮ, ಒಂದು ಸ್ಟೂಲ್ ಇದ್ರೆ ಕೊಡ್ತೀರಾ? ಏಣಿ ತಂದಿಲ್ಲ."

ಟೈಲರಮ್ಮ ಗಿರಾಕಿಗಳ ಸ್ಟೂಲನ್ನು ಎತ್ತಿ ಕೊಟ್ಟಳು. ಯಾಕೆ ಕೊಟ್ಟೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ. ಅವರು ಬೋರ್ಡು ಬಿಚ್ಚಿ, ಸ್ಟೂಲಿನ ಮೇಲಿನ ಹೆಜ್ಜೆ ಗುರುತು ಒರೆಸಿ, ವಾಪಸ್ ತಂದಿಟ್ಟು ಹೋದರು.

ತಾಯಂದಿರು ಬಂದು, ಮತ್ತೆ ಮಿಷನ್ ರಸ್ತೆಗೆ ಎಳೆಯೋಣ, ನಾವಿದ್ದೀವಿ ಎಂದರು. ಅವಳು ಮಿಷನ್ನಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಳು. ಎಳೆಯಬಹುದಿತ್ತು. ಆದರೆ ಹಿಂದಿನ ಸಲ ನೋಡಬೇಕಾಗಿದ್ದ ಪಾಲಿಕೆಯವರು ಅದೇ ರಸ್ತೆಯಲ್ಲಿ ಮನೆಗೆ ಹೋಗುವವರು, ಅವಳನ್ನು ಬಳಸಿಕೊಂಡೇ ಹೋಗಬೇಕಿತ್ತು. ಈಗ ನೋಡಬೇಕಾದ ರಾಜಧಾನಿಯವರು ಯಾರೂ ಈ ರಸ್ತೆಯಲ್ಲಿ ಓಡಾಡುವವರಲ್ಲ. ಯಾರ ಕಣ್ಣಿಗೆ ಬೀಳಲೆಂದು ಕೂರುವುದು? ಅರ್ಜಿ ಬರೆಯೋಣ ಎಂದಳು. ಬರೆದು, ಎಲ್ಲರ ಸಹಿ ಹಾಕಿಸಿ ಕಳಿಸಿದರು. ಶಾಲೆಯವರು ಗೇಟನ್ನು ಹಿಂದಿನ ಗಲ್ಲಿಗೆ ಬದಲಾಯಿಸಿದರು.

ಲಾರಿಗಳು ಓಡತೊಡಗಿದವು. ಅದರ ಹಿಂದೆಯೇ ಕಾಯಂ ಆದೇಶವೂ ಬಂತು. ಎಲ್ಲರಿಗೂ ಬರಲಿಲ್ಲ, ಕೆಲವರಿಗೆ ಬಂತು. ಅಕ್ಕನಿಗೆ ಬಂದಿದೆ ಎಂದು ಹೇಳಿದವನು ಗಂಡ. ಟೈಲರಮ್ಮ ಸಂತೋಷಪಟ್ಟಳು, ಅತ್ತಳು. ಯಾಕೇ ಅಳ್ತೀಯ ಎಂದು ಅವನು ಕೇಳಿದರೆ, ಗೊತ್ತಿಲ್ಲ ರೀ ಎಂದಳು.

ಒಂದು ಸಂಜೆ ಅಕ್ಕ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಪಾಲಿಕೆಯಿಂದ ಕೊಟ್ಟ ಹೊಸ ಹಸಿರು ಕೋಟು, ಪ್ಯಾಂಟು.

"ಉದ್ದ ಆಗಿದೆ," ಎಂದಳು, ಎಲ್ಲೋ ನೋಡುತ್ತ. "ಬೇರೆ ಕಡೆ ಕೊಟ್ರೆ ಹಾಳು ಮಾಡ್ತಾರೆ."

ಟೈಲರಮ್ಮ ಪರದೆ ಎಳೆದುಕೊಟ್ಟಳು. ಅಕ್ಕ ಹಾಕಿಕೊಂಡು ಬಂದು ಕನ್ನಡಿಯ ಮುಂದೆ ನಿಂತಳು. ತಂಗಿ ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು ನೆಲದ ಮೇಲೆ ಕೂತು ಅಂಚು ಮಡಚತೊಡಗಿದಳು. ಬಲಗಾಲಿನದು ಮುಗಿಯಿತು. ಎಡಗಾಲಿಗೆ ಬಂದು ಟೇಪು ಹಿಡಿದಳು, ಮತ್ತೊಮ್ಮೆ ಹಿಡಿದಳು.

"ಎರಡೂ ಒಂದೇ ಅಳತೆ ಮಾಡು," ಎಂದಳು ಅಕ್ಕ ಮೇಲಿನಿಂದ.

ಟೈಲರಮ್ಮ ಸೂಜಿಗಳನ್ನು ಅಂಗೈಗೆ ತೆಗೆದುಕೊಂಡಳು. "ಒಂದೇ ಅಳತೆ ಮಾಡಿದ್ರೆ ಇದು ನೆಲಕ್ಕೆ ತಾಗುತ್ತಕ್ಕಾ."

ಅಕ್ಕ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡಳು.

"ಹಂಗಾದ್ರೆ ನಿಂಗೆ ಕಂಡಂಗೆ ಮಾಡು."

ಟೈಲರಮ್ಮ ಎಡಗಾಲಿನ ಅಂಚನ್ನು ಒಂದು ಬೆರಳು ಹೆಚ್ಚಿಗೆ ಮಡಚಿ ಹಿಡಿದಳು. ಹೊರಗೆ ಇಟ್ಟಿಗೆ ತುಂಬಿದ ಲಾರಿಯೊಂದು ಬಂತು. ಕನ್ನಡಿ ಚೌಕಟ್ಟಿನೊಳಗೆ ಗಡಗಡ ಅದುರಿತು, ಕನ್ನಡಿಯೊಳಗಿನ ಅಕ್ಕನೂ ಅದುರಿದಳು. ಸೂಜಿ ಚುಚ್ಚಲು ಹೋದ ಟೈಲರಮ್ಮ ಕೈ ತಡೆದು, ಬಟ್ಟೆಯ ಮಡಿಕೆಯನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದುಕೊಂಡು, ಲಾರಿ ದಾಟಿಹೋಗಲಿ ಎಂದು ಕಾದಳು.